ಕೈಯಲ್ಲಿರುವ ಕೆಲಸದ ಲೆಕ್ಕ ಪ್ರಕಟಿಸಿ: ರಾಜ್ಯ ಸರ್ಕಾರಕ್ಕೆ ಸಣ್ಣ ಗುತ್ತಿಗೆದಾರನ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಯವರಿಗೆ, ಲೋಕೋಪಯೋಗಿ ಸಚಿವರಿಗೆ ಹಾಗೂ ಆರ್ಥಿಕ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ದಾವಣಗೆರೆ ಜಿಲ್ಲೆಯಲ್ಲಿ ಶಾಲಾ ಕೊಠಡಿ, ಅಂಗನವಾಡಿ ಕಟ್ಟಡ, ಚರಂಡಿ, ಸಿ.ಸಿ. ರಸ್ತೆಯಂಥ ಕಾಮಗಾರಿಗಳನ್ನು ಮಾಡಿಕೊಂಡು ಬಂದಿರುವ ನೋಂದಾಯಿತ ಸಿವಿಲ್ ಗುತ್ತಿಗೆದಾರ ನಾನು. ಬಾಕಿ ಬಿಲ್ಲುಗಳ ಬಗ್ಗೆ ಗುತ್ತಿಗೆದಾರರ ಸಂಘದವರು ತಮ್ಮನ್ನು ಹಲವು ಸಲ ಕಂಡು ಮನವಿ ಕೊಟ್ಟಿದ್ದಾರೆ. ಅದನ್ನೇ ಮತ್ತೆ ಹೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ಬೇಡಿಕೆ ಒಂದೇ. ರಾಜ್ಯದ ಕಟ್ಟಡ ಮತ್ತು ನಿರ್ಮಾಣ ಸಂಸ್ಥೆಗಳ ಕೈಯಲ್ಲಿ ಎಷ್ಟು ಕೆಲಸವಿದೆ, ಅದು ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ, ಅದರಲ್ಲಿ ಹಣದ ಬೆಂಬಲ ಇರುವುದೆಷ್ಟು, ಇಲ್ಲದ್ದೆಷ್ಟು ಎಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ, ಗುತ್ತಿಗೆದಾರರ ದರ್ಜೆವಾರು ಮತ್ತು ಜಿಲ್ಲಾವಾರು ವಿಂಗಡಿಸಿ ಸರ್ಕಾರವೇ ಸಾರ್ವಜನಿಕರ ಮುಂದೆ ಇಡಬೇಕು.

ಕೃಷಿಯನ್ನು ಬಿಟ್ಟರೆ ಹಳ್ಳಿಯ ದುಡಿಯುವ ಕೈಗಳಿಗೆ ಅತಿ ಹೆಚ್ಚು ಕೆಲಸ ಕೊಡುವ ವಲಯಗಳಲ್ಲಿ ಕಟ್ಟಡ ನಿರ್ಮಾಣ ಪ್ರಮುಖವಾದುದು. ಆದರೂ ಈ ವಲಯದ ನಾಡಿ ಹಿಡಿದು ನೋಡುವ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲ. ಕಾರ್ಖಾನೆಗಳ ಕೈಯಲ್ಲಿ ಎಷ್ಟು ಆರ್ಡರ್ ಇದೆ, ಅವುಗಳ ಸಾಮರ್ಥ್ಯದಲ್ಲಿ ಎಷ್ಟು ಭಾಗ ಬಳಕೆಯಾಗುತ್ತಿದೆ ಎಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕ್ ಪ್ರತಿ ತ್ರೈಮಾಸಿಕದಲ್ಲಿ ಸಮೀಕ್ಷೆ ಮಾಡಿ ಪ್ರಕಟಿಸುತ್ತದೆ. ಸೇವಾ ಮತ್ತು ಮೂಲಸೌಕರ್ಯ ಕಂಪನಿಗಳ ನಿರೀಕ್ಷೆಗಳ ಬಗ್ಗೆಯೂ ಅದರದೇ ಇನ್ನೊಂದು ಸಮೀಕ್ಷೆ ಇದೆ. ಆದರೆ ಹರಿಹರದ ಮೂರನೇ ದರ್ಜೆಯ, ಅಂದರೆ ಸಣ್ಣ ಮೊತ್ತದ ಕಾಮಗಾರಿಗಳಿಗಷ್ಟೇ ಅರ್ಹನಾದ, ಗುತ್ತಿಗೆದಾರನ ಪರಿಸ್ಥಿತಿ ಇಂಥ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ಕಾಣಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಸರ್ವೇಯರುಗಳ ವೃತ್ತಿಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ತನ್ನ ಸದಸ್ಯರನ್ನು ಕಳೆದ ಮೂರು ತಿಂಗಳಲ್ಲಿ ಕೆಲಸ ಹೆಚ್ಚಿತೇ, ಕಡಿಮೆಯಾಯಿತೇ ಎಂದು ಕೇಳಿ, ಹೆಚ್ಚಿತು ಎಂದವರ ಶೇಕಡಾವಾರಿನಿಂದ ಕಡಿಮೆಯಾಯಿತು ಎಂದವರ ಶೇಕಡಾವಾರನ್ನು ಕಳೆದು ಒಂದು ಸರಳ ಅಂಕಿಯನ್ನು ಪ್ರಕಟಿಸುತ್ತದೆ. ಅಲ್ಲಿನ ಸಣ್ಣ ಬಿಲ್ಡರುಗಳ ಒಕ್ಕೂಟವೂ ತನ್ನದೇ ಸಮೀಕ್ಷೆ ನಡೆಸುತ್ತದೆ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ನಮ್ಮಲ್ಲಂತೂ ಸಮೀಕ್ಷೆ ಮಾಡದೆಯೇ ಅದಕ್ಕಿಂತ ನಿಖರವಾದ ಲೆಕ್ಕ ಕೊಡಲು ಸಾಧ್ಯವಿದೆ. ಯಾಕೆಂದರೆ ಬೇಕಾದ ಮಾಹಿತಿಯನ್ನು ಸರ್ಕಾರ ಈಗಾಗಲೇ ನಮ್ಮಿಂದ ಬರೆಸಿಕೊಳ್ಳುತ್ತಿದೆ.

ಟೆಂಡರ್ ಹಾಕುವಾಗ ಗುತ್ತಿಗೆದಾರನ ಲಭ್ಯ ಸಾಮರ್ಥ್ಯವನ್ನು ಲೆಕ್ಕ ಹಾಕುವ ಕ್ರಮ ತಮ್ಮ ಇಂಜಿನಿಯರುಗಳಿಗೆಲ್ಲ ಗೊತ್ತು. ಹಿಂದಿನ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಆತ ಮಾಡಿದ ಗರಿಷ್ಠ ಮೊತ್ತದ ಕೆಲಸವನ್ನು 'ಎ' ಎಂದೂ, ಹೊಸ ಕಾಮಗಾರಿಗೆ ನಿಗದಿಯಾದ ಅವಧಿಯನ್ನು 'ಎನ್' ಎಂದೂ ಹಿಡಿದು, ನಿಗದಿತ ಗುಣಕದಿಂದ ಗುಣಿಸಿ, ಬಂದ ಮೊತ್ತದಿಂದ 'ಬಿ'ಯನ್ನು ಕಳೆಯುತ್ತಾರೆ. ಈ 'ಬಿ' ಎಂದರೆ ಆತನ ಕೈಯಲ್ಲಿ ಈಗಾಗಲೇ ಇರುವ, ಇನ್ನೂ ಮುಗಿಯಬೇಕಾದ ಕಾಮಗಾರಿಗಳ ಮೌಲ್ಯ. ಅದನ್ನು ಕಾಮಗಾರಿವಾರು ಪಟ್ಟಿ ಮಾಡಿ, ಸಂಬಂಧಿಸಿದ ಇಂಜಿನಿಯರರಿಂದ ದೃಢೀಕರಿಸಿ ಕೊಡಬೇಕು. ಸುಳ್ಳು ಹೇಳಿದರೆ ಅನರ್ಹತೆ ಕಾದಿದೆ. ನಿರ್ಮಾಣ ವಲಯದ ಕೆಲಸದ ಪ್ರಮಾಣವನ್ನು ತಿಳಿಯಲು ಇದಕ್ಕಿಂತ ನೇರವಾದ ಅಂಕಿ ಇನ್ನೊಂದಿಲ್ಲ. ಆದರೆ ಟೆಂಡರ್ ಪರಿಶೀಲನೆ ಮುಗಿದ ಮೇಲೆ ಆ ಪ್ರಮಾಣಪತ್ರಗಳು ಕಡತದಲ್ಲೇ ಉಳಿದುಬಿಡುತ್ತವೆ. ಯಾರೂ ಅವನ್ನು ಕೂಡಿಸಿ ನೋಡುವುದಿಲ್ಲ.

ಕೂಡಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು, ಕಾಗದದ ಮೇಲಿನ ಕೆಲಸವೂ ಸೈಟಿನ ಮೇಲಿನ ಕೆಲಸವೂ ಒಂದೇ ಅಲ್ಲ ಎಂಬ ಸಂಗತಿ. ನನ್ನಂಥವನ ಕೈಯಲ್ಲಿ ಐದು ಕಾಮಗಾರಿಗಳಿವೆ ಎಂದಿಟ್ಟುಕೊಳ್ಳಿ. ಒಂದಕ್ಕೆ ಕಾರ್ಯಾದೇಶ ಸಿಕ್ಕಿದೆ, ಜಾಗದ ತಕರಾರು ಬಗೆಹರಿದಿಲ್ಲ. ಇನ್ನೊಂದರಲ್ಲಿ ರಸ್ತೆ ಬದಿಯ ವಿದ್ಯುತ್ ಕಂಬಗಳನ್ನು ಸ್ಥಳಾಂತರಿಸಿಲ್ಲ. ಮೂರನೆಯದು ನಡೆಯುತ್ತಿದೆ. ನಾಲ್ಕನೆಯದು ಮುಗಿದಿದೆ, ಅಳತೆ ಪುಸ್ತಕದಲ್ಲಿ ದಾಖಲಾಗಿಲ್ಲ. ಐದನೆಯದು ಮುಗಿದು, ಅಳತೆಯಾಗಿ, ಬಿಲ್ಲು ಸಲ್ಲಿಕೆಯಾಗಿ, ಹಣ ಪಾವತಿಗೆ ಅನುಮತಿ ನೀಡುವ ಪತ್ರವಾದ ಎಲ್‌ಒಸಿ ಬಿಡುಗಡೆಯಾಗುವುದನ್ನು ಕಾಯುತ್ತಿದೆ. ಹೊರಗಿನವರ ಕಣ್ಣಿಗೆ ಈತನಿಗೆ ಕೈತುಂಬ ಕೆಲಸ. ವಾಸ್ತವದಲ್ಲಿ ಈತನ ಕೂಲಿಯವರಿಗೆ ಶನಿವಾರದ ಬಟವಾಡೆ ಕೊಡಬಲ್ಲ ಕೆಲಸ ಒಂದೇ ಒಂದು. ಸಾಲದ್ದಕ್ಕೆ, ತನ್ನ ತಪ್ಪಿಲ್ಲದೆ ನಿಂತ ಮೊದಲೆರಡು ಕಾಮಗಾರಿಗಳ ಮೊತ್ತ 'ಬಿ'ಯಲ್ಲಿ ಹಾಗೆಯೇ ಉಳಿದು, ಆರನೇ ಕಾಮಗಾರಿಗೆ ಟೆಂಡರ್ ಹಾಕುವ ಅರ್ಹತೆಯನ್ನೂ ತಿಂದುಹಾಕುತ್ತದೆ. ಕಂಬ ಸ್ಥಳಾಂತರ ವಿಳಂಬವಾದ ಕಾರಣಕ್ಕೆ ಒಬ್ಬ ಮನುಷ್ಯ ಬೇರೊಂದು ಊರಿನಲ್ಲಿ ಕೆಲಸ ಕಳೆದುಕೊಳ್ಳುವುದು ನ್ಯಾಯವಲ್ಲ. ಆದರೆ ನಿಂತ ಕಾಮಗಾರಿ ಮತ್ತು ನಡೆಯುತ್ತಿರುವ ಕಾಮಗಾರಿಗಳನ್ನು ಬೇರೆಯಾಗಿ ಎಣಿಸುವವರೆಗೆ ಈ ಅನ್ಯಾಯ ಯಾರ ಗಮನಕ್ಕೂ ಬರುವುದಿಲ್ಲ.

ಕೆಲಸ ವರ್ಷದುದ್ದಕ್ಕೂ ಹಂಚಿಹೋಗದೆ ಒಂದೆರಡು ತಿಂಗಳಲ್ಲಿ ಮುಗಿಬೀಳುವುದು ಎರಡನೆಯ ತೊಂದರೆ. ಇದರ ಪರಿಣಾಮ ಲೆಕ್ಕಪತ್ರಕ್ಕೆ ಸೀಮಿತವಲ್ಲ, ಕಟ್ಟಡದ ಆಯುಷ್ಯಕ್ಕೇ ಸಂಬಂಧಿಸಿದ್ದು. ಬಜೆಟ್ ಮಂಡನೆ, ಕ್ರಿಯಾಯೋಜನೆ, ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್ ಎಂಬ ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ಮಳೆಗಾಲ ಕಳೆದು ದೀಪಾವಳಿಯೂ ಮುಗಿದಿರುತ್ತದೆ. ಕಾರ್ಯಾದೇಶ ಜನವರಿಯಲ್ಲಿ ಕೈಗೆ ಬಂದರೆ ಮಾರ್ಚ್ 31ರೊಳಗೆ ಬಿಲ್ಲು ಸರ್ಕಾರದ ಪಾವತಿ ವ್ಯವಸ್ಥೆಯಾದ ಖಜಾನೆ-2 ತಂತ್ರಾಂಶಕ್ಕೆ ಏರಬೇಕು, ಇಲ್ಲವಾದರೆ ಅನುದಾನ ಲ್ಯಾಪ್ಸ್.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಕೊಠಡಿಗಳ ಶಾಲಾ ಕಟ್ಟಡವನ್ನು ಹೀಗೆಯೇ ಕಟ್ಟಬೇಕಾಗಿ ಬಂದಿತ್ತು. ತಾಲ್ಲೂಕಿನಲ್ಲಿ ಎಲ್ಲರಿಗೂ ಒಂದೇ ವಾರದಲ್ಲಿ ಕಾರ್ಯಾದೇಶ ಸಿಕ್ಕಿದ್ದರಿಂದ ಕಾಂಕ್ರೀಟಿಗೆ ಅಚ್ಚಾಗುವ ಸೆಂಟ್ರಿಂಗ್ ಶೀಟುಗಳು ಬಾಡಿಗೆಗೆ ಸಿಗಲಿಲ್ಲ. ಸಿಕ್ಕಾಗ ಬಾಡಿಗೆ ಏರಿತ್ತು. ಕಂಬಿ ಕಟ್ಟುವ ತಂಡ ಇನ್ನೊಬ್ಬರ ಸೈಟಿನಲ್ಲಿ ರಾತ್ರಿಯವರೆಗೆ ದುಡಿದು ಬೆಳಗಿನ ಜಾವ ನಮ್ಮಲ್ಲಿಗೆ ಬರುತ್ತಿತ್ತು. ಚಾವಣಿಗೆ ಕಾಂಕ್ರೀಟ್ ಹಾಕುವಷ್ಟರಲ್ಲಿ ಮಾರ್ಚ್ ಅರ್ಧ ಕಳೆದಿತ್ತು. ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲದ ಚಾವಣಿಗೆ ಕೊಟ್ಟ ಊರೆಗಳನ್ನು (ಆಧಾರ ಕಂಬಗಳನ್ನು) ಹದಿನಾಲ್ಕು ದಿನ ತೆಗೆಯಬಾರದು ಎನ್ನುತ್ತದೆ ಕಾಂಕ್ರೀಟ್ ಕಟ್ಟಡಗಳ ರಾಷ್ಟ್ರೀಯ ಮಾನಕವಾದ ಐಎಸ್ 456 ಸಂಹಿತೆ. ಬಿಸಿಲು ಮತ್ತು ಒಣಹವೆ ಇರುವಲ್ಲಿ ಹತ್ತು ದಿನಕ್ಕೆ ಕಡಿಮೆ ಇಲ್ಲದಂತೆ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವ ಕೆಲಸ, ಆಗಬೇಕು ಎಂದೂ ಅದೇ ಸಂಹಿತೆ ಹೇಳುತ್ತದೆ. ಜಗಳೂರಿನ ಮಾರ್ಚ್ ಬಿಸಿಲು ತಮಗೆ ಗೊತ್ತಿದೆ. ಟ್ಯಾಂಕರಿನಲ್ಲಿ ನೀರು ತಂದು, ಚಾವಣಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸಿದೆವು, ಊರೆಗಳನ್ನೂ ಅವಧಿ ಮುಗಿಯುವವರೆಗೆ ಬಿಟ್ಟೆವು. ಆದರೆ ಒಳಗಿನ ಗಾರೆ, ನೆಲಹಾಸು, ಬಾಗಿಲು ಕಿಟಕಿಯ ಕೆಲಸವೆಲ್ಲ ಮೂರ್ನಾಲ್ಕು ದಿನಗಳೊಳಗೆ ಮುಗಿಯಬೇಕೆಂಬ ಒತ್ತಡ ಇಲಾಖೆಯಿಂದ ದಿನವೂ ಬರುತ್ತಿತ್ತು. ಆ ಒತ್ತಡಕ್ಕೆ ಮಣಿದು ಒಂದು ವಾರ ಮೊದಲೇ ಊರೆ ಕಿತ್ತ ಚಾವಣಿಗಳು ರಾಜ್ಯದಲ್ಲಿ ಎಷ್ಟಿರಬಹುದು, ಅವುಗಳ ಕೆಳಗೆ ಯಾರ ಮಕ್ಕಳು ಕೂತಿದ್ದಾರೆ ಎಂದು ಯೋಚಿಸಿದರೆ ನನಗೆ ಕಳವಳವಾಗುತ್ತದೆ. ಕಳಪೆ ಕಾಮಗಾರಿ ಎಂದು ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸುವುದು ಸುಲಭ, ಕೆಲವರು ಅದಕ್ಕೆ ಅರ್ಹರೂ ಹೌದು. ಆದರೆ ಅದೇ ಕಾಮಗಾರಿ ಅಕ್ಟೋಬರಿನಲ್ಲಿ ಆರಂಭವಾಗಿದ್ದರೆ ಅದೇ ಗುತ್ತಿಗೆದಾರ, ಅದೇ ಗಾರೆಯವರು ಎಷ್ಟು ಚೆನ್ನಾಗಿ ಕಟ್ಟುತ್ತಿದ್ದರು ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೇ?

ಏಪ್ರಿಲ್ ಬಂದೊಡನೆ ಅದೇ ಗಾರೆಯವರಿಗೆ ಕೆಲಸವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಕಾರಣ ಇನ್ನೂ ಕಡಿಮೆ. ಆಗ ಅವರು ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟುಗಳಿಗೆ ಹೋಗುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿಯವರಂತೂ ಸಂಸಾರ ಸಮೇತ ಗುಳೆ ಹೋಗುತ್ತಾರೆ. ಮತ್ತೆ ಜನವರಿಯಲ್ಲಿ ಕಾರ್ಯಾದೇಶ ಬಂದಾಗ ಊರಿನಲ್ಲಿ ನುರಿತ ಕೈಗಳಿರುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸರ್ಕಾರ ವರ್ಷಕ್ಕೆ 5,000 ಕೋಟಿ ರೂಪಾಯಿ ಒದಗಿಸುತ್ತಿರುವುದು ಸಂತೋಷದ ವಿಷಯ. ಅಷ್ಟು ಮೊತ್ತದ ಕಾಮಗಾರಿಗಳು ತಿಂಗಳು ತಿಂಗಳಿಗೆ ಸಮನಾಗಿ ಹೊರಬಂದರೆ ಅಲ್ಲಿನ ಯುವಕರು ಗುಳೆ ಹೋಗುವುದು ಎಷ್ಟೋ ತಗ್ಗುತ್ತದೆ. ಹಾಗೆ ಬರುತ್ತಿವೆಯೇ ಎಂದು ನೋಡಲು ತ್ರೈಮಾಸಿಕ ಲೆಕ್ಕ ಬೇಕು.

ಕೆಲವು ವರ್ಷಗಳಿಂದ ನಮ್ಮ ಕೆಲಸದ ಪ್ರಮಾಣ ಏರಿದ, ಇಳಿದ ರೀತಿಯನ್ನು ನೆನಪಿಸಿಕೊಂಡರೆ ಲೆಕ್ಕವಿಲ್ಲದಿರುವುದರ ಬೆಲೆ ಗೊತ್ತಾಗುತ್ತದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್‌ನಿಂದ ಹಳ್ಳಿಹಳ್ಳಿಗೂ ಪೈಪ್‌ಲೈನ್ ಕೆಲಸ ಬಂತು, ಕಟ್ಟಡದ ಕೆಲಸ ಮಾಡುತ್ತಿದ್ದವರೂ ಜೆಸಿಬಿ ಕೊಂಡು ಆ ಕಡೆ ತಿರುಗಿದರು. ಮರುವರ್ಷ ಕೋವಿಡ್ ಬಂದು ಸೈಟುಗಳು ಬರಿದಾದವು. 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿತು. 2023ರ ವಿಧಾನಸಭಾ ಚುನಾವಣೆಗೆ ಮುಂಚಿನ ತಿಂಗಳುಗಳಲ್ಲಿ ಕಾರ್ಯಾದೇಶಗಳ ಮಹಾಪೂರವೇ ಹರಿಯಿತು, ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದೊಡನೆ ಹಿಂದಿನ ಕಾಮಗಾರಿಗಳಿಗೆ ಹಣ ಬಿಡುಗಡೆ ಮಾಡದಂತೆ ತಡೆಯಾಯಿತು. 2024ಕ್ಕೆ ಮುಗಿಯಬೇಕಿದ್ದ ಜಲಜೀವನ್ ಮಿಷನ್‌ನ ಅವಧಿಯನ್ನು ಕೇಂದ್ರ ಬಜೆಟ್ 2028ಕ್ಕೆ ವಿಸ್ತರಿಸಿತು. ಇಷ್ಟೂ ತಿರುವುಗಳಲ್ಲಿ ಸಣ್ಣ ಗುತ್ತಿಗೆದಾರ ತನ್ನ ತಾಲ್ಲೂಕಿನ ಸುದ್ದಿ, ಟೀ ಅಂಗಡಿಯ ಮಾತು, ಪರಿಚಯದ ಗುಮಾಸ್ತರ ಸೂಚನೆ ಇವನ್ನೇ ನಂಬಿ ಸಾಲ ಮಾಡಿದ, ಯಂತ್ರ ಕೊಂಡ. ಕೈಯಲ್ಲಿರುವ ಕೆಲಸದ ಮೊತ್ತ ಬಜೆಟ್ ಹಂಚಿಕೆಗಿಂತ ಎಷ್ಟು ಪಟ್ಟು ಮೀರಿದೆ ಎಂಬುದು 2022ರಲ್ಲೇ ತ್ರೈಮಾಸಿಕವಾಗಿ ಪ್ರಕಟವಾಗುತ್ತಿದ್ದರೆ ಅನೇಕರು ಆ ಕಾರ್ಯಾದೇಶಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೊಡುವವರೂ ಹಿಂಜರಿಯುತ್ತಿದ್ದರು. ಯಾವ ಪಕ್ಷದ ಸರ್ಕಾರವೇ ಇರಲಿ, ಹಣವಿಲ್ಲದೆ ಕಾಮಗಾರಿ ಕೊಡುವ ರೂಢಿಗೆ ಈ ಒಂದು ಪಟ್ಟಿ ಲಗಾಮು ಹಾಕುತ್ತದೆ ಎಂದು ನಾನು ನಂಬಿದ್ದೇನೆ.

ಕೆಲಸ ಯಾರಿಗೆ ಹೋಗುತ್ತಿದೆ ಎಂಬುದೂ ಅಷ್ಟೇ ಮುಖ್ಯ. ಹಲವು ಸಣ್ಣ ಕಾಮಗಾರಿಗಳನ್ನು ಒಟ್ಟುಗೂಡಿಸಿ ಪ್ಯಾಕೇಜ್ ಟೆಂಡರ್ ಕರೆದಾಗ ಮೂರು ಮತ್ತು ನಾಲ್ಕನೇ ದರ್ಜೆಯವರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಕೊನೆಗೆ ದೊಡ್ಡವರಿಂದ ಉಪಗುತ್ತಿಗೆ ಪಡೆದು, ಕಡಿಮೆ ದರಕ್ಕೆ, ದಾಖಲೆಯಲ್ಲಿ ಹೆಸರಿಲ್ಲದೆ ಅದೇ ಕೆಲಸ ಮಾಡುತ್ತಾರೆ. ಸರ್ಕಾರಿ ಕಾಮಗಾರಿಗಳಿಗೆ ಟೆಂಡರ್ ಕಡ್ಡಾಯ ಮಾಡುವ ಪಾರದರ್ಶಕತೆ ಕಾಯ್ದೆ 1999ರ 4(ಜಿ) ವಿನಾಯಿತಿಯಡಿ ಟೆಂಡರ್ ಇಲ್ಲದೆ ಸರ್ಕಾರಿ ಬೆಂಬಲದ ನಿರ್ಮಿತಿ ಕೇಂದ್ರಗಳಿಗೆ, ಹಳ್ಳಿಯವರು ಇಂದಿಗೂ ಭೂಸೇನೆ ಎಂದೇ ಕರೆಯುವ ಸರ್ಕಾರಿ ನಿರ್ಮಾಣ ನಿಗಮ ಕೆಆರ್‌ಐಡಿಎಲ್‌ಗೆ ಹೋಗುವ ಕಾಮಗಾರಿಗಳ ಕಥೆಯೂ ಇದೇ. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಮೀಸಲಾತಿ ಕೊಟ್ಟದ್ದು, 2023ರಲ್ಲಿ ಅದರ ಮಿತಿಯನ್ನು 50 ಲಕ್ಷದಿಂದ ಒಂದು ಕೋಟಿ ರೂಪಾಯಿಗೆ ಏರಿಸಿದ್ದು ಒಳ್ಳೆಯ ಕ್ರಮ. ಆದರೆ ಒಂದು ಕೋಟಿಯೊಳಗಿನ ಕಾಮಗಾರಿಗಳೇ ಪ್ಯಾಕೇಜಿನಲ್ಲಿ ಕರಗಿಹೋಗುತ್ತಿದ್ದರೆ ಆ ಮೀಸಲಾತಿಯಿಂದ ಫಲವೇನು? ಯಾವ ಮೊತ್ತದ ಕಾಮಗಾರಿ ಎಷ್ಟು ಹೊರಬಂತು, ಯಾವ ದರ್ಜೆಯವರಿಗೆ ಸಿಕ್ಕಿತು ಎಂಬ ಅಂಕಿ ಇಲ್ಲದೆ ಈ ಪ್ರಶ್ನೆಗೆ ಯಾರೂ ಉತ್ತರ ಕೊಡಲಾರರು.

ಖಾಸಗಿ ಕಟ್ಟಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ನಿಂತಾಗ, ಮನೆ ಕಟ್ಟಿಸಿಕೊಡುವ ಸಣ್ಣ ಬಿಲ್ಡರುಗಳ ಹೊಸ ಕೆಲಸವೂ ನಿಂತಿತು. 30×40 ಅಡಿ ನಿವೇಶನಗಳಿಗೆ ಸರ್ಕಾರ ವಿನಾಯಿತಿ ಕೊಡುವವರೆಗೆ ಅವರು ತಿಂಗಳುಗಟ್ಟಲೆ ಕೈಕಟ್ಟಿ ಕೂರಬೇಕಾಯಿತು. ಇಂಥ ನಿರ್ಧಾರಗಳಿಂದ ಎಷ್ಟು ಮಂದಿಯ ಕೆಲಸಕ್ಕೆ ಪೆಟ್ಟು ಬಿತ್ತು ಎಂದು ಅಳೆಯುವ ಸಾಧನ ಸರ್ಕಾರದ ಬಳಿ ಇದ್ದಿದ್ದರೆ ಪರಿಹಾರವೂ ಬೇಗ ಸಿಗುತ್ತಿತ್ತೋ ಏನೋ.

ಇನ್ನು ಕಾರ್ಯಸಾಧ್ಯತೆಯ ಮಾತು. ಹೊಸದಾಗಿ ಯಾರ ಬಳಿಗೂ ಹೋಗಿ ಮಾಹಿತಿ ಕೇಳುವ ಅಗತ್ಯವಿಲ್ಲ. ಯಾವ ಟೆಂಡರ್ ಯಾವ ಮೊತ್ತಕ್ಕೆ ಯಾರ ಪಾಲಾಯಿತು ಎಂಬುದು ರಾಜ್ಯದ ಟೆಂಡರ್ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿದೆ. ಹಣ ಪಾವತಿಯ ವಿವರ ಖಜಾನೆ-2ರಲ್ಲಿದೆ. ನಮ್ಮ ಬಿಲ್ಲಿನಿಂದ ಶೇ 1ರಂತೆ ಕಡಿತವಾಗುವ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ನಿಜವಾಗಿ ನಡೆದ ಕೆಲಸದ ಪ್ರತಿಬಿಂಬವೇ ಸರಿ. ಸೆಸ್ ಸಂಗ್ರಹ ಹೆಚ್ಚಿದ ಜಿಲ್ಲೆಯಲ್ಲಿ ಕೆಲಸ ಹೆಚ್ಚಿದೆ, ತಗ್ಗಿದಲ್ಲಿ ತಗ್ಗಿದೆ. 2018ರ ಅಕ್ಟೋಬರಿನಿಂದ ಎರಡೂವರೆ ಲಕ್ಷ ಮೀರಿದ ಗುತ್ತಿಗೆಗಳ ಮೇಲೆ ಇಲಾಖೆಗಳು ಶೇ 2ರಂತೆ ಕಡಿತ ಮಾಡುವ ಜಿಎಸ್‌ಟಿಯ ದಾಖಲೆಯೂ ವಾಣಿಜ್ಯ ತೆರಿಗೆ ಇಲಾಖೆಯ ಕೈಯಲ್ಲಿದೆ. ಅಪಾರ್ಟ್‌ಮೆಂಟ್ ಯೋಜನೆಗಳ ಪ್ರಗತಿಯನ್ನು ಪ್ರವರ್ತಕರು ಮೂರು ತಿಂಗಳಿಗೊಮ್ಮೆ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಪ್ರಾಧಿಕಾರಕ್ಕೆ ಸಲ್ಲಿಸಲೇಬೇಕು. ಇವೆಲ್ಲ ಬೇರೆಬೇರೆ ಇಲಾಖೆಗಳ ಬೇರೆಬೇರೆ ತಂತ್ರಾಂಶಗಳಲ್ಲಿ ಕೂತಿವೆ. ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಹೊಣೆ ವಹಿಸಿದರೆ ಇವನ್ನು ಒಂದೆಡೆ ತರುವುದು ಅದರ ಸಾಮರ್ಥ್ಯಕ್ಕೆ ಮೀರಿದ್ದೇನಲ್ಲ.

ಇಂಥ ಪ್ರಕಟಣೆಯಿಂದ ಸರ್ಕಾರಕ್ಕೆ ಮುಜುಗರವಾಗುತ್ತದೆ ಎಂಬ ಅಂಜಿಕೆ ಇರಬಹುದು. ದೇಶದಲ್ಲೇ ಮೊದಲಿಗೆ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ನಮ್ಮದು. ಸಾಲ ಎಷ್ಟು, ಕೊರತೆ ಎಷ್ಟು ಎಂದು ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ಪ್ರತಿ ವರ್ಷ ಸದನದ ಮುಂದಿಡುವ ಸರ್ಕಾರ, ಗುತ್ತಿಗೆದಾರರಿಗೆ ಕೊಡಬೇಕಾದ ಹಣವೂ ಒಂದು ಬಗೆಯ ಸಾಲವೇ ಎಂದು ಒಪ್ಪಿಕೊಳ್ಳಲು ಹಿಂಜರಿಯಬೇಕಿಲ್ಲ. ಬ್ಯಾಂಕಿನವರು ನಮ್ಮ ಕಾರ್ಯಾದೇಶ ನೋಡಿ ಓವರ್‌ಡ್ರಾಫ್ಟ್ ಕೊಡುತ್ತಾರೆ. ಆ ಕಾರ್ಯಾದೇಶಕ್ಕೆ ಅನುದಾನವಿದೆಯೇ ಎಂಬುದು ಅವರಿಗೂ ಗೊತ್ತಿಲ್ಲ, ಸಹಿ ಹಾಕುವ ನಮಗೂ ಗೊತ್ತಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನಗಳಲ್ಲಿ ಹಣ ಪಾವತಿಸಬೇಕೆನ್ನುವ 2006ರ ಎಂಎಸ್‌ಎಂಇ ಕಾಯ್ದೆ ಕಾಮಗಾರಿ ಗುತ್ತಿಗೆಗಳಿಗೆ ಅನ್ವಯಿಸುವುದಿಲ್ಲ ಎಂದು ಕೆಲವು ಹೈಕೋರ್ಟ್‌ಗಳು ಹೇಳಿರುವುದರಿಂದ ಆ ದಾರಿಯೂ ನಮಗೆ ಭದ್ರವಾಗಿಲ್ಲ. ಕನಿಷ್ಠ ಮಾಹಿತಿಯಾದರೂ ಸಿಕ್ಕರೆ ಸಾಲ ಮಾಡುವ ಮುನ್ನ ಯೋಚಿಸಬಹುದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಬರುವ ತ್ರೈಮಾಸಿಕದಿಂದಲೇ ಲೋಕೋಪಯೋಗಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್, ಜಲಸಂಪನ್ಮೂಲ, ನಗರಾಭಿವೃದ್ಧಿ ಇಲಾಖೆಗಳ ಕಾಮಗಾರಿಗಳಿಗೆ ಸೀಮಿತವಾಗಿ ಈ ಪಟ್ಟಿ ಆರಂಭವಾಗಲಿ. ಆರಂಭವಾಗದ, ನಡೆಯುತ್ತಿರುವ, ನಿಂತಿರುವ, ಮುಗಿದು ಹಣ ಬಾಕಿ ಇರುವ ಕಾಮಗಾರಿಗಳ ಮೊತ್ತ ಪ್ರತ್ಯೇಕವಾಗಿ ಕಾಣಲಿ, ನಿಂತಿದ್ದರೆ ಕಾರಣ ಇಲಾಖೆಯದೋ ಗುತ್ತಿಗೆದಾರನದೋ ಎಂದು ಬರೆಯಲಿ. ಯಾವುದೇ ಗುತ್ತಿಗೆದಾರನ ಹೆಸರು ಹಾಕುವ ಅಗತ್ಯವಿಲ್ಲ, ದರ್ಜೆ ಮತ್ತು ಜಿಲ್ಲೆ ಸಾಕು. ಇಲಾಖೆಯ ಕಾರಣದಿಂದ ನಿಂತ ಕಾಮಗಾರಿಯ ಮೊತ್ತವನ್ನು 'ಬಿ'ಯಿಂದ ಕೈಬಿಡುವ ಬಗ್ಗೆ ಟೆಂಡರ್ ದಾಖಲೆಗಳಲ್ಲಿ ತಿದ್ದುಪಡಿಯನ್ನು ಅನಂತರ ಪರಿಶೀಲಿಸಬಹುದು. ಅದಕ್ಕೆ ಮೊದಲು ಅಂಥ ಕಾಮಗಾರಿಗಳು ಎಷ್ಟಿವೆ ಎಂಬುದು ಹೊರಬರಲಿ. ಪರೀಕ್ಷಾರ್ಥವಾಗಿ ಒಂದೇ ಜಿಲ್ಲೆಯಿಂದ ಶುರು ಮಾಡುವುದಾದರೆ ದಾವಣಗೆರೆಯನ್ನೇ ಆರಿಸಿಕೊಳ್ಳಿ. ನನ್ನ ಎಲ್ಲ ಕಾಮಗಾರಿಗಳ ವಿವರ, ಅಳತೆ ದಾಖಲೆ ಮತ್ತು ಬಾಕಿ ಬಿಲ್ಲುಗಳ ಪ್ರತಿಗಳನ್ನು ಕೊಡಲು ನಾನು ಸಿದ್ಧ. ಜಿಲ್ಲೆಯ ಇತರ ಗುತ್ತಿಗೆದಾರರನ್ನೂ ಒಪ್ಪಿಸಲು ಪ್ರಯತ್ನಿಸುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆ ಜಿಲ್ಲೆಯ ಒಬ್ಬ ಸಿವಿಲ್ ಗುತ್ತಿಗೆದಾರ